ಸೋರುವ ಎಲ್ಲ ಜಾಯಿಂಟ್‌ಗೂ ಟೆಫ್ಲಾನ್ ಟೇಪ್ ಮದ್ದಲ್ಲ

ಬಾತ್‌ರೂಮ್ ಫಿಟ್ಟಿಂಗ್ ಮಾಡುವಾಗ ಜಾಯಿಂಟ್ ಸೋರಿದರೆ ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಿ, ಬಲವಾಗಿ ಬಿಗಿ ಮಾಡಿ ಎಂಬ ಸಲಹೆ ಹರಿದಾಡುತ್ತಿದೆ. ಎಲ್ಲ ಕಡೆಗೂ ಇದು ಸರಿಯಲ್ಲ.

ಟೇಪ್ ಬೇಕಾಗುವುದು ಥ್ರೆಡ್‌ನಲ್ಲೇ (ತಿರುಪಿನ ಸುರುಳಿಯಲ್ಲೇ) ನೀರು ತಡೆಯುವ ಜಾಯಿಂಟ್‌ಗೆ. ಅಲ್ಲೂ ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಫಿಟ್ಟಿಂಗ್ ಬಿರುಕು ಬಿಡಬಹುದು. ನಲ್ಲಿಗೆ ಜೋಡಿಸುವ ಕನೆಕ್ಷನ್ ಪೈಪಿನಲ್ಲಿ ನೀರು ತಡೆಯುವುದು ಒಳಗಿನ ರಬ್ಬರ್ ವಾಷರ್ ಅಲ್ವಾ? ಅಲ್ಲಿ ಸುಮ್ನೆ ಟೇಪ್ ಸುತ್ತಬೇಡಿ, ವಾಷರ್ ನೋಡಿ.

ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿನ ಅಂಟಿಸಿದ ಜಾಯಿಂಟ್ ಸೋರಿದರೆ ಹೊರಗಿನಿಂದ ಸಾಲ್ವೆಂಟ್ (ಪೈಪ್ ಅಂಟಿಸುವ ಅಂಟು) ಬಳಿದು ಪ್ರಯೋಜನವಿಲ್ಲ. ಸಾಲ್ವೆಂಟ್ ಪೈಪ್ ಮತ್ತು ಫಿಟ್ಟಿಂಗ್ ಎರಡರ ಮೇಲ್ಮೈಯನ್ನೂ ಮೆದು ಮಾಡಿ ಒಂದಾಗಿ ಬೆಸೆಯುತ್ತದೆ. ಒದ್ದೆ ಜಾಯಿಂಟ್‌ನ ಹೊರಗೆ ಅದು ಆಗುವುದಿಲ್ಲ. ಆ ಭಾಗ ಕತ್ತರಿಸಿ, ಪೈಪ್ ಒಣಗಿಸಿ, ಹೊಸ ಫಿಟ್ಟಿಂಗ್ ಹಾಕಿ. ದಯವಿಟ್ಟು ಟೈಲ್ಸ್ ಕೂರಿಸುವ ಮೊದಲೇ ಪ್ರೆಷರ್ ಟೆಸ್ಟ್ (ಪೈಪಿಗೆ ಒತ್ತಡ ಕೊಟ್ಟು ಸೋರಿಕೆ ನೋಡುವುದು) ಮಾಡಿಸಿ.