ಬಾರದ ಬಸ್ಸಿಗೆ ಅಪಘಾತವಿಲ್ಲ

ಬೆಳಿಗ್ಗೆ 6:14ಕ್ಕೆ ಫೋನ್ ಗುರ್ ಅಂದಿತು. ಸ್ಕೂಲ್ ಡಿಸ್ಟ್ರಿಕ್ಟಿನ ಮೆಸೇಜು. ಡಿಸ್ಟ್ರಿಕ್ಟ್ ಅಂದರೆ ಇಲ್ಲಿನ ಸರ್ಕಾರಿ ಶಾಲೆಗಳನ್ನೂ ಅವುಗಳ ಬಸ್ಸುಗಳನ್ನೂ ನಡೆಸುವ ಸ್ಥಳೀಯ ಆಡಳಿತ. "ಪ್ರಿಯ ಪೋಷಕರೇ, ನಿಮ್ಮ ಮಗುವಿನ ಸುರಕ್ಷತೆಯೇ ನಮ್ಮ ಮೊದಲ ಆದ್ಯತೆ. ಇಂದು ಬೆಳಿಗ್ಗೆ 14ನೇ ನಂಬರ್ ಬಸ್ ಓಡುವುದಿಲ್ಲ. ನಿಮ್ಮ ತಾಳ್ಮೆಗೆ ಧನ್ಯವಾದಗಳು."

ಮೊದಲನೇ ವಾಕ್ಯಕ್ಕೂ ಎರಡನೇ ವಾಕ್ಯಕ್ಕೂ ನಡುವೆ 'ಆದ್ದರಿಂದ' ಅನ್ನುವ ಪದವೊಂದು ಬಿದ್ದುಹೋಗಿದೆ ಅನ್ನಿಸಿತು. ಸುರಕ್ಷತೆ ಮುಖ್ಯ, ಆದ್ದರಿಂದ ಬಸ್ಸಿಲ್ಲ. ಯೋಚಿಸಿ ನೋಡಿದರೆ ಅದೂ ಸರಿಯೇ. ಬಾರದ ಬಸ್ಸು ಯಾರಿಗೂ ಗುದ್ದುವುದಿಲ್ಲ. ಮಂಜಿನಲ್ಲಿ ಜಾರುವುದಿಲ್ಲ. ಅದರ ಹಿಂದಿನ ಸೀಟಿನ ಹುಡುಗ ಮುಂದಿನ ಸೀಟಿನವಳ ಜಡೆ ಎಳೆಯುವುದಿಲ್ಲ. ಅಪಘಾತದ ಲೆಕ್ಕ ಸೊನ್ನೆ, ದೂರುಗಳ ಲೆಕ್ಕ ಮಾತ್ರ ಸ್ವಲ್ಪ ಜಾಸ್ತಿ. ಈ ತಿಂಗಳಲ್ಲಿ ನಮ್ಮ ಬಸ್ಸು ಇಷ್ಟು ಸುರಕ್ಷಿತವಾಗಿರುವುದು ಇದು ಆರನೇ ಸಲ.

ಅಮೆರಿಕದಲ್ಲಿ ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಈ ಮೆಸೇಜು ಬಾಯಿಪಾಠ. ಬಸ್ ನಂಬರ್ ಒಂದು ಬದಲಾಗುತ್ತದೆ. ತಾಳ್ಮೆ ಬದಲಾಗುವುದಿಲ್ಲ, ಅದಕ್ಕೆ ಮೊದಲೇ ಧನ್ಯವಾದ ಹೇಳಿಬಿಟ್ಟಿರುತ್ತಾರೆ. ಕೊಡದೇ ಇರುವ ಸಾಲಕ್ಕೆ ರಸೀದಿ ಕಳಿಸಿದ ಹಾಗೆ.

ಬೈಯುವ ಮೊದಲು ಹೊಗಳಲೇಬೇಕಾದ ಮಾತೂ ಒಂದಿದೆ. ಆ ಹಳದಿ ಬಸ್ಸಿನ ಮೇಲೆ ಈ ದೇಶ ಪಟ್ಟಿರುವ ಶ್ರದ್ಧೆ ಸಣ್ಣದಲ್ಲ. 1939ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಫ್ರಾಂಕ್ ಸೈರ್ ಅನ್ನುವ ಮೇಷ್ಟರು ಒಂದು ಸಭೆ ಕರೆದರು. ಆಗ ಒಂದೊಂದು ಊರಿನ ಮಕ್ಕಳು ಒಂದೊಂದು ಬಗೆಯ ಗಾಡಿಯಲ್ಲಿ ಶಾಲೆಗೆ ಹೋಗುತ್ತಿದ್ದರು. ಕುದುರೆ ಗಾಡಿಯೂ ಇತ್ತು. ಒಂದು ಕಡೆಯಂತೂ ಬಸ್ಸಿಗೆ ಕೆಂಪು, ಬಿಳಿ, ನೀಲಿ ಬಳಿದಿದ್ದರಂತೆ. ದಿನಾ ಅದರಲ್ಲಿ ಕೂತು ಹೋದರೆ ಮಕ್ಕಳಿಗೆ ದೇಶಭಕ್ತಿ ಬರುತ್ತದೆ ಅಂತ! ಬಸ್ಸಿನಲ್ಲಿ ಕೂತ ಮಗುವಿಗೆ ಬಸ್ಸಿನ ಹೊರಗಿನ ಬಣ್ಣ ಕಾಣುವುದಿಲ್ಲ ಅನ್ನುವುದು ಆ ಊರಿನ ಸಮಿತಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಸಮಿತಿಗಳು ಆಗಲೂ ಸಮಿತಿಗಳೇ ಆಗಿದ್ದವು.

ಸೈರ್ ಮೇಷ್ಟರು ಗೋಡೆಗೆ ಐವತ್ತು ಬಣ್ಣದ ಪಟ್ಟಿ ಅಂಟಿಸಿದರು. ನಿಂಬೆ ಹಳದಿಯಿಂದ ಹಿಡಿದು ಕಿತ್ತಳೆ ಕೆಂಪಿನವರೆಗೆ. ಬಂದವರು ನೋಡಿ ನೋಡಿ ಒಂದು ಹಳದಿ ಆರಿಸಿದರು. ನಸುಕಿನಲ್ಲೂ ಮುಸ್ಸಂಜೆಯಲ್ಲೂ ಅದರ ಮೇಲಿನ ಕಪ್ಪು ಅಕ್ಷರ ಎದ್ದು ಕಾಣುತ್ತದೆ ಅನ್ನುವ ಕಾರಣಕ್ಕೆ. ಸೀಟಿನ ನಡುವಿನ ದಾರಿ ಎಷ್ಟಗಲ, ಚಾವಣಿ ಎಷ್ಟೆತ್ತರ ಅಂತೆಲ್ಲಾ ಒಟ್ಟು 44 ನಿಯಮ ಬರೆದು ಎದ್ದರು. ಅದಕ್ಕೆ ರಾಕ್‌ಫೆಲರ್ ಅನ್ನುವ ಸಿರಿವಂತ ಮನೆತನದ ದುಡ್ಡಿನಿಂದ ಸಿಕ್ಕಿದ್ದು 5,000 ಡಾಲರ್. ಅಷ್ಟರಲ್ಲಿ ಇಡೀ ದೇಶದ ಬಸ್ಸಿನ ಪ್ರಶ್ನೆ ಬಗೆಹರಿಯಿತು.

ಆಮೇಲೂ ಸುಮ್ಮನೆ ಕೂರಲಿಲ್ಲ. ಬಸ್ ನಿಂತಾಗ ಕೆಂಪು ದೀಪ ಮಿನುಗುತ್ತದೆ, ಪಕ್ಕದಿಂದ ಸ್ಟಾಪ್ ಬೋರ್ಡು ಕೈ ಚಾಚುತ್ತದೆ. ಹಿಂದಿನವರೂ ನಿಲ್ಲಬೇಕು, ನಡುವೆ ಡಿವೈಡರ್ ಇಲ್ಲದಿದ್ದರೆ ಬಹಳ ಕಡೆ ಎದುರಿನವರೂ ನಿಲ್ಲಬೇಕು. ನಿಲ್ಲುತ್ತಾರಾ? ಡ್ರೈವರುಗಳು ಒಂದು ದಿನ ಕೂತು ಎಣಿಸಿದ ಲೆಕ್ಕವನ್ನು ವರ್ಷಕ್ಕೆ ಹಿಗ್ಗಿಸಿದರೆ, 2022–23ರ ಶಾಲಾ ವರ್ಷದಲ್ಲಿ ಹೀಗೆ ನಿಲ್ಲದೆ ನುಗ್ಗಿದ್ದು 4 ಕೋಟಿಗೂ ಹೆಚ್ಚು ಸಲ. ಅವರಲ್ಲಿ ಎಷ್ಟು ಜನ ತಮ್ಮ ಮಗುವನ್ನು ಶಾಲೆಗೆ ಬಿಡುವ ಅವಸರದಲ್ಲಿದ್ದರೋ!

ಬಸ್ಸಿನ ಒಳಗೆ ಎತ್ತರದ, ಮೆತ್ತನೆಯ, ಹತ್ತಿರ ಹತ್ತಿರ ಜೋಡಿಸಿದ ಸೀಟು. ದೊಡ್ಡ ಬಸ್ಸುಗಳಲ್ಲಿ ಬಹಳ ಕಡೆ ಸೀಟ್ ಬೆಲ್ಟ್ ಇರುವುದಿಲ್ಲ. ಬೆಲ್ಟಿನ ಕೆಲಸವನ್ನು ಸೀಟೇ ಮಾಡಬೇಕು. ಹಲಸಿನ ಹಣ್ಣಿನೊಳಗೆ ತೊಳೆ ಕೂತ ಹಾಗೆ ಮಕ್ಕಳು ಕೂರುತ್ತಾರೆ. 1977ರಿಂದ ಹೀಗೇ ನಡೆದಿದೆ. ಕ್ಯಾಲಿಫೋರ್ನಿಯಾದವರು 2016ರಲ್ಲಿ ಇನ್ನೊಂದು ಕಾನೂನು ಮಾಡಿದರು. ಕೊನೆಯ ಸ್ಟಾಪ್ ಆದಮೇಲೆ ಡ್ರೈವರ್ ಎದ್ದು ಹಿಂದಿನ ಸೀಟಿನವರೆಗೆ ನಡೆದು ಹೋಗಿಯೇ ಅಲಾರಂ ಆಫ್ ಮಾಡಬೇಕು. ನಿದ್ದೆಹೋದ ಮಗು ಒಳಗೇ ಉಳಿಯಬಾರದು ಅಂತ. ಇದನ್ನು ಯೋಚಿಸಿದವರಿಗೆ ನಿಜವಾಗಲೂ ಕೈ ಮುಗಿಯಬೇಕು. ಇದರಲ್ಲಿ ವ್ಯಂಗ್ಯ ಇಲ್ಲ.

ರೈಲ್ವೆ ಗೇಟಿನ ಕಥೆ ಇನ್ನೂ ದೊಡ್ಡದು. 1938ರಲ್ಲಿ ಯೂಟಾ ರಾಜ್ಯದಲ್ಲಿ ಹಿಮ ಬೀಳುವಾಗ ಒಂದು ಶಾಲಾ ಬಸ್ಸಿಗೆ ಗೂಡ್ಸ್ ರೈಲು ಬಡಿದು ಡ್ರೈವರೂ ಸೇರಿ 26 ಜನ ಸತ್ತರು. ಅದರ ನೆನಪು ಇವತ್ತಿಗೂ ಬಸ್ಸಿನ ನಡವಳಿಕೆಯಲ್ಲೇ ಉಳಿದಿದೆ. ಹಳಿ ಬಂದರೆ ಬಸ್ ನಿಲ್ಲುತ್ತದೆ. ಡ್ರೈವರ್ ಕಿಟಕಿ ತೆಗೆಯುತ್ತಾನೆ, ಬಾಗಿಲು ತೆಗೆಯುತ್ತಾನೆ, ಮಕ್ಕಳಿಗೆ ಶ್ ಅನ್ನುತ್ತಾನೆ. ರೈಲಿನ ಸದ್ದಿಗೆ ಕಿವಿಗೊಡುತ್ತಾನೆ. ಎಷ್ಟು ಚಂದದ ದೃಶ್ಯ ಅಲ್ವಾ? ಈಗ ನಮ್ಮ ಡಿಸ್ಟ್ರಿಕ್ಟಿನ ಸಾರಿಗೆ ಕಚೇರಿಗೆ ಫೋನ್ ಮಾಡಿ ನೋಡಿ. ನಲವತ್ತು ನಿಮಿಷ ಪಿಯಾನೋ ಕೇಳಿಸುತ್ತಾರೆ. ಕಿವಿಗೊಡುವ ಕೆಲಸ ನಮ್ಮದು.

ಒಟ್ಟಿನಲ್ಲಿ ಮದುವೆಗೆ ಎಲ್ಲಾ ಸಿದ್ಧ. ಚಪ್ಪರ ಇದೆ, ಓಲಗ ಇದೆ, ಅರಿಶಿನವಂತೂ ಮೈತುಂಬಾ ಇದೆ. ಗಂಡೇ ಇಲ್ಲ. ಅಂದರೆ, ಡ್ರೈವರಿಲ್ಲ.

ಯಾಕಿಲ್ಲ ಅಂತ ಡಿಸ್ಟ್ರಿಕ್ಟನ್ನು ಕೇಳಿದರೆ 'ರಾಷ್ಟ್ರವ್ಯಾಪಿ ಕೊರತೆ' ಅನ್ನುತ್ತದೆ. ಬರಗಾಲ ಬಂದ ಹಾಗೆ, ಮೇಲಿನಿಂದ ಇಳಿದದ್ದು, ನಮ್ಮ ಕೈಯಲ್ಲಿ ಏನಿದೆ ಅನ್ನುವ ದನಿ. ಕೆಲಸ ಎಂಥದ್ದು ನೋಡಿ. ಬೆಳಿಗ್ಗೆ ಐದಕ್ಕೆ ಬಂದು ಎರಡು ಮೂರು ಗಂಟೆ ಓಡಿಸಬೇಕು. ನಡುವೆ ಐದು ಗಂಟೆ ಬಿಡುವು, ಸಂಬಳವಿಲ್ಲದ ಬಿಡುವು. ಮತ್ತೆ ಮಧ್ಯಾಹ್ನ ಬಂದು ಎರಡು ಮೂರು ಗಂಟೆ. ಬೇಸಿಗೆ ರಜೆಯಲ್ಲಿ ಏನೂ ಇಲ್ಲ. ಇದಕ್ಕೆ ಕಮರ್ಷಿಯಲ್ ಲೈಸೆನ್ಸ್, ಅದರ ಮೇಲೆ ಪ್ರಯಾಣಿಕರ ಒಂದು ಮುದ್ರೆ, ಶಾಲಾ ಬಸ್ಸಿನ ಇನ್ನೊಂದು ಮುದ್ರೆ, ವೈದ್ಯಕೀಯ ಪರೀಕ್ಷೆ, ಮಾದಕ ವಸ್ತು ಪರೀಕ್ಷೆ, ಹಿನ್ನೆಲೆ ತನಿಖೆ. ಬೆನ್ನ ಹಿಂದೆ ಐವತ್ತು ಮಕ್ಕಳು. ಅದೇ ಲೈಸೆನ್ಸಿನಲ್ಲಿ ಲಾರಿ ಓಡಿಸಿದರೆ ಬೆನ್ನ ಹಿಂದೆ ಆಲೂಗಡ್ಡೆ. ಆಲೂಗಡ್ಡೆ ಚೂಯಿಂಗ್ ಗಮ್ ಅಂಟಿಸುವುದಿಲ್ಲ, ಸಂಬಳವೂ ಜಾಸ್ತಿ. ಬುದ್ಧಿ ಇದ್ದವರು ಯಾವುದನ್ನು ಆರಿಸುತ್ತಾರೆ?

ಹಾಗಂತ ಸರ್ಕಾರಗಳು ಕೈಕಟ್ಟಿ ಕೂತಿಲ್ಲ. 2021ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಮಕ್ಕಳನ್ನು ಶಾಲೆಗೆ ಬಿಡಲು ನ್ಯಾಷನಲ್ ಗಾರ್ಡನ್ನೇ, ಅಂದರೆ ಮೀಸಲು ಸೈನಿಕ ಪಡೆಯನ್ನೇ ಕರೆಸಿತು. ಸೈನಿಕರು ವ್ಯಾನ್ ಹತ್ತಿ ಕಿಂಡರ್‌ಗಾರ್ಟನ್ ಕಡೆ ದಂಡೆತ್ತಿ ಹೊರಟರು. ಮುಂದಿನ ವರ್ಷ ಕೇಂದ್ರದವರು ಇನ್ನೊಂದು ಉಪಾಯ ಮಾಡಿದರು. ಲೈಸೆನ್ಸ್ ಪರೀಕ್ಷೆಯಲ್ಲಿ ಬಾನೆಟ್ ಎತ್ತಿ ಇದು ಯಾವ ಭಾಗ, ಅದು ಯಾವ ಭಾಗ ಅಂತ ಹೇಳಿಸುವ ಪಾಠವನ್ನು ಶಾಲಾ ಬಸ್ ಡ್ರೈವರುಗಳಿಗೆ ಬಿಟ್ಟುಬಿಡಬಹುದು ಅಂತ ರಾಜ್ಯಗಳಿಗೆ ಅನುಮತಿ ಕೊಟ್ಟರು. ಜನ ಬರದೇ ಇರುವುದು ಆಲ್ಟರ್ನೇಟರ್ ಗುರುತು ಸಿಗದೇ ಇರುವುದರಿಂದ ಅಂತ ಅವರಿಗೆ ಅನ್ನಿಸಿರಬೇಕು. ಷಿಕಾಗೋದವರದ್ದು ನೇರ ದಾರಿ. 2023ರಲ್ಲಿ ಅಂಗವಿಕಲ ಮಕ್ಕಳಿಗೆ ಮತ್ತು ಸ್ಥಿರವಾದ ಮನೆಯಿಲ್ಲದ ಮಕ್ಕಳಿಗೆ ಮಾತ್ರ ಬಸ್ಸು ಅಂದರು. ಉಳಿದವರಿಗೆ ಸಿಟಿ ಬಸ್ ಪಾಸು ತೋರಿಸಿದರು.

ಆದರೆ ಈ ಆಟದ ಚಾಂಪಿಯನ್ ಕೆಂಟಕಿ ರಾಜ್ಯದ ಲೂಯಿವಿಲ್ ನಗರ. ಅಲ್ಲಿನ ಜೆಫರ್ಸನ್ ಕೌಂಟಿ ಡಿಸ್ಟ್ರಿಕ್ಟಿನ ಕಥೆ ನಿಮಗೆ ಗೊತ್ತಿರಬಹುದು, ಆದರೂ ನನಗೆ ಹೇಳದೆ ಇರಲು ಆಗುವುದಿಲ್ಲ. ಡ್ರೈವರು ಕಡಿಮೆ, ಆದ್ದರಿಂದ ರೂಟು ಕಡಿಮೆ ಮಾಡೋಣ ಅಂತ ಸುಮಾರು 2 ಲಕ್ಷ ಡಾಲರ್ ಕೊಟ್ಟು ಒಂದು ಕಂಪ್ಯೂಟರ್ ಕಂಪನಿಯಿಂದ ಹೊಸ ರೂಟು ಬರೆಸಿದರು. ನೂರಕ್ಕೂ ಹೆಚ್ಚು ರೂಟು ಕಡಿಮೆಯಾಯಿತು. ಪವರ್‌ಪಾಯಿಂಟಿನಲ್ಲಿ ಬಹಳ ಚೆನ್ನಾಗಿ ಕಂಡಿರಬೇಕು. 2023ರ ಆಗಸ್ಟ್ 9, ಶಾಲೆಯ ಮೊದಲ ದಿನ. ಕೊನೆಯ ಮಗು ಬಸ್ಸಿಳಿದಾಗ ರಾತ್ರಿ 9:58.

ಇಡೀ ಡಿಸ್ಟ್ರಿಕ್ಟಿಗೆ ಆ ವಾರ ರಜೆ. ಮುಂದಿನ ವಾರವೂ ಹೆಚ್ಚುಕಡಿಮೆ ರಜೆ. ನಾನೂ ಸಾಫ್ಟ್‌ವೇರಿನಲ್ಲೇ ಅನ್ನ ತಿನ್ನುವವನು, ಹಾಗಾಗಿ ನನಗೆ ಆ ಕಂಪನಿಯ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. ಲೆಕ್ಕದಲ್ಲಿ ಮಗು ಅಂದರೆ ಒಂದು ಚುಕ್ಕೆ. ಚುಕ್ಕೆ ಮೊದಲ ದಿನ ತನ್ನ ಬಸ್ ಯಾವುದು ಅಂತ ಗೊತ್ತಾಗದೆ ಅಳುವುದಿಲ್ಲ. ಚುಕ್ಕೆಗೆ ಇಳಿಯಲು ಅರ್ಧ ನಿಮಿಷ ಬೇಕಾಗುವುದಿಲ್ಲ, ಇಳಿದಮೇಲೆ ಟಿಫಿನ್ ಡಬ್ಬಿ ಮರೆತೆ ಅಂತ ವಾಪಸ್ ಹತ್ತುವುದೂ ಇಲ್ಲ. ಆದರೆ ರೂಟು ಓಡಿಸಬೇಕಾದ ಡ್ರೈವರನ್ನು ಕೂರಿಸಿ "ಅಣ್ಣಾ, ಇಷ್ಟು ಹೊತ್ತಿನಲ್ಲಿ ಆಗುತ್ತಾ?" ಅಂತ ಕೇಳಿ ಅವನ ಮಾತು ನಂಬಿದ್ದರೆ, ಅವನು ಪುಕ್ಕಟೆಯಾಗಿ ಹೇಳುತ್ತಿದ್ದ. ಮುಂದಿನ ವರ್ಷ ಆ ಡಿಸ್ಟ್ರಿಕ್ಟು ಸಮಸ್ಯೆಯನ್ನು ಬೇರಿನಿಂದಲೇ ಕಿತ್ತಿತು. ಮ್ಯಾಗ್ನೆಟ್ ಶಾಲೆಗಳ, ಅಂದರೆ ವಿಶೇಷ ಪಾಠಕ್ಕಾಗಿ ದೂರದಿಂದಲೂ ಮಕ್ಕಳು ಆರಿಸಿಕೊಂಡು ಬರುವ ಸರ್ಕಾರಿ ಶಾಲೆಗಳ, ಬಹುತೇಕ ಮಕ್ಕಳಿಗೆ ಬಸ್ಸೇ ಬಂದ್.

ನಮ್ಮ ಡಿಸ್ಟ್ರಿಕ್ಟಿನವರು ಅಷ್ಟು ದೂರ ಹೋಗಿಲ್ಲ. ಅವರು ಆ್ಯಪ್ ಕೊಟ್ಟಿದ್ದಾರೆ. ಬಸ್ ಎಲ್ಲಿದೆ ಅಂತ ಮನೆಯಲ್ಲೇ ಕೂತು ನೋಡಬಹುದು. ಮೊನ್ನೆ ನೋಡಿದರೆ ಬಸ್ಸು ಕೆರೆಯ ಮಧ್ಯದಲ್ಲಿ ನಿಂತಿತ್ತು.

"ಅಪ್ಪಾ, ಬಸ್ ಮುಳುಗಿಹೋಯ್ತಾ?" ಅಂದಳು ಮಗಳು.

"ಇಲ್ಲ ಪುಟ್ಟೀ, ಸಿಗ್ನಲ್ ಮುಳುಗಿದೆ."

"ಹಾಗಾದ್ರೆ ಬಸ್ ಎಲ್ಲಿದೆ?"

ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೂ ಬೇಡ ಅನ್ನುತ್ತಾರೆ. ಡಿಸ್ಟ್ರಿಕ್ಟಿನವರ ವಿಚಾರ ಬೇರೆ. ಊಟ ಬಡಿಸಲು ಜನ ಇಲ್ಲ, ಹಾಗಾಗಿ ಉಪ್ಪಿನಕಾಯಿಗೆ ಹೊಸ ವರ್ಷನ್ ಬಿಟ್ಟಿದ್ದೇವೆ, ದಯವಿಟ್ಟು ಅಪ್‌ಡೇಟ್ ಮಾಡಿಕೊಳ್ಳಿ.

ಬಸ್ಸಿಲ್ಲದಿದ್ದರೆ ನಡೆಸಿಕೊಂಡು ಹೋಗಿ ಅಂತ ನೀವು ಹೇಳಬಹುದು. ನಡೆಯುವುದಕ್ಕೂ ಇಲ್ಲಿ ಕಾನೂನಿದೆ. ಫ್ಲೋರಿಡಾದ್ದು ನನಗೆ ಬಹಳ ಇಷ್ಟ. ಶಾಲೆಯಿಂದ 2 ಮೈಲಿಯ ಒಳಗೆ ಮನೆ ಇದ್ದರೆ ಸಾಮಾನ್ಯವಾಗಿ ಬಸ್ಸಿಗೆ ರಾಜ್ಯದ ದುಡ್ಡಿಲ್ಲ. ಆದರೆ ದಾರಿ ಅಪಾಯದ್ದು ಅಂತ ಸಾಬೀತಾದರೆ ಚಿಕ್ಕ ಮಕ್ಕಳಿಗೆ ಕೊಡುತ್ತಾರೆ. ಅಪಾಯ ಅಂದರೇನು? ಅದನ್ನೂ ಬರೆದಿದ್ದಾರೆ. ಸಿಗ್ನಲ್ಲೂ ಕಾವಲೂ ಇಲ್ಲದ ಕಡೆ ಮಗು ರಸ್ತೆ ದಾಟಬೇಕಾದರೆ, ಒಂದು ದಿಕ್ಕಿನಲ್ಲಿ ಗಂಟೆಗೆ 360ಕ್ಕಿಂತ ಹೆಚ್ಚು ವಾಹನ ಹೋಗುತ್ತಿರಬೇಕು. ಅಂದರೆ ಹತ್ತು ಸೆಕೆಂಡಿಗೆ ಒಂದು ಕಾರು. ಸರಿಯಾಗಿ 360 ಬಂದರೆ ಅಪಾಯವಿಲ್ಲ. 361ನೆಯದು ಬಂತೋ, ಅಪಾಯ. ಆ 361ನೇ ಕಾರಿನವನು ಮನೆಯಲ್ಲಿ ಬೀಗದ ಕೈ ಹುಡುಕುತ್ತಾ ತಡವಾದರೆ ಆ ಬೀದಿಯ ಮಕ್ಕಳಿಗೆಲ್ಲಾ ಬಸ್ ತಪ್ಪಿತು. ಎಣಿಸುವ ದಿನ ಪೋಷಕರೆಲ್ಲಾ ಸೇರಿ ಕಾರಿನಲ್ಲಿ ಸುತ್ತು ಹೊಡೆದರೆ ಹೇಗೆ ಅಂತ ನನಗೊಂದು ಯೋಚನೆ ಬಂದಿತ್ತು. ಹೆಂಡತಿ ಸುಮ್ನಿರಿ ಅಂದಳು.

ಹೋಗಲಿ, ಹೈಸ್ಕೂಲ್ ಮಕ್ಕಳು ಯಾಕೆ ಅಷ್ಟು ಬೇಗ ಎದ್ದು ಕಣ್ಣುಜ್ಜಿಕೊಂಡು ಹೋಗುತ್ತಾರೆ ಗೊತ್ತಾ? ಒಂದೇ ಬಸ್ಸು ಮೊದಲು ದೊಡ್ಡವರನ್ನು ಬಿಟ್ಟು, ಆಮೇಲೆ ಮಧ್ಯಮರನ್ನು ಬಿಟ್ಟು, ಕೊನೆಗೆ ಚಿಕ್ಕವರನ್ನು ಬಿಡಬೇಕು. ಮಕ್ಕಳ ವೈದ್ಯರ ಸಂಘ 2014ರಲ್ಲೇ ಹೇಳಿದೆ, ಹದಿಹರೆಯದವರಿಗೆ 8:30ಕ್ಕಿಂತ ಮೊದಲು ಶಾಲೆ ಶುರುಮಾಡಬೇಡಿ ಅಂತ. ಆದರೆ ವೈದ್ಯರು ಹೇಳಿದ ನಿದ್ದೆ ಬಸ್ಸಿನ ವೇಳಾಪಟ್ಟಿಯಲ್ಲಿ ಹಿಡಿಸುವುದಿಲ್ಲ.

ಇನ್ನು ಉಳಿದದ್ದು ಕಾರು. ಬಸ್ ಬರದ ದಿನ ಶಾಲೆಯ ಮುಂದಿನ ಕಾರಿನ ಸಾಲು ನೋಡಬೇಕು. ಒಂದು ಬಸ್ಸಿನ ಮಕ್ಕಳು ಐವತ್ತು ಕಾರಿನಲ್ಲಿ ಬರುತ್ತಾರೆ. ಒಬ್ಬರು ಮೀಟಿಂಗಿನಲ್ಲಿದ್ದಾರೆ, ಒಬ್ಬರು ಹುಬ್ಬು ತಿದ್ದುತ್ತಿದ್ದಾರೆ, ಒಬ್ಬರು ಸಾಲು ತಪ್ಪಿಸಿ ಅಡ್ಡ ನುಗ್ಗುತ್ತಿದ್ದಾರೆ. ಆ ಅಡ್ಡ ನುಗ್ಗಿದವನು ಹೋದ ವಾರ ನಾನೇ. ಎಂಟಕ್ಕೆ ನನಗೂ ಮೀಟಿಂಗಿತ್ತು. ನನ್ನ ಕಾರಿನ ಮೂತಿಯ ಮುಂದೆ ಒಬ್ಬ ಹುಡುಗ ಬ್ಯಾಗು ಹಿಡಿದು ಗಕ್ಕನೆ ನಿಂತ. ಏನೂ ಆಗಲಿಲ್ಲ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಅಷ್ಟೇ.

ಅವತ್ತಿನಿಂದ ನನಗೆ ಆ ಮೆಸೇಜು ನೋಡಿದರೆ ನಗು ಬರುತ್ತಿಲ್ಲ. ಯಾಕೆಂದರೆ ಈ ದೇಶದ ರಸ್ತೆ ಸುರಕ್ಷತಾ ಇಲಾಖೆಯೇ ಹೇಳುವ ಲೆಕ್ಕ ಇದೆ. ಕಾರಿನಲ್ಲಿ ಹೋಗುವುದಕ್ಕಿಂತ ಶಾಲಾ ಬಸ್ಸಿನಲ್ಲಿ ಹೋದರೆ ಮಗು ಸುರಕ್ಷಿತವಾಗಿ ಶಾಲೆ ಮುಟ್ಟುವ ಸಾಧ್ಯತೆ ಸುಮಾರು 70 ಪಟ್ಟು ಹೆಚ್ಚು. ಎಪ್ಪತ್ತು ಪಟ್ಟು! ಇದು ಡಿಸ್ಟ್ರಿಕ್ಟಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಡ್ರೈವರಿಗೆ ನಾಲ್ಕೈದು ಗಂಟೆಯ ಸಂಬಳ ಕೊಟ್ಟು ಇಡೀ ದಿನ ಕಟ್ಟಿಹಾಕುತ್ತಾರೆ. ಅವನು ಬಿಟ್ಟುಹೋದರೆ ಕೊರತೆ ಅನ್ನುತ್ತಾರೆ. ಎಪ್ಪತ್ತು ಪಟ್ಟು ಸುರಕ್ಷಿತವಾದದ್ದನ್ನು ಬೆಳಿಗ್ಗೆ 6:14ಕ್ಕೆ ರದ್ದು ಮಾಡಿ, ಮಕ್ಕಳನ್ನು ನಮ್ಮಂಥ ಅವಸರದವರ ಕಾರುಗಳ ನಡುವೆ ಬಿಟ್ಟು, ಅದರ ಮೇಲೆ 'ಸುರಕ್ಷತೆ' ಅಂತ ಬರೆಯುತ್ತಾರೆ. ಬಸ್ ಇಲ್ಲ ಅಂತ ಹೇಳಿ ಸ್ವಾಮಿ, ಸಾಕು. ಆ ಪದ ಯಾಕೆ? ಗಂಟೆಗೆ ಇನ್ನಷ್ಟು ಡಾಲರ್ ಜಾಸ್ತಿ ಕೊಡಿ. ನಡುವಿನ ಐದು ಗಂಟೆಗೆ ಶಾಲೆಯಲ್ಲೇ ಏನಾದರೂ ಕೆಲಸ ಕೊಡಿ. ಆಗ ಬರುವವರು ಬರುತ್ತಾರೆ. ಇದಕ್ಕೆ ಅಲ್ಗಾರಿದಮ್ ಬೇಡ.

ಇರಲಿ. ಬರುವ ವಾರ ಶಾಲಾ ಬಸ್ ಸುರಕ್ಷತಾ ಸಪ್ತಾಹ. ಪ್ರತಿ ಅಕ್ಟೋಬರಿನಲ್ಲಿ ಬರುತ್ತದೆ. ಮಕ್ಕಳಿಗೆ ಪೋಸ್ಟರ್ ಸ್ಪರ್ಧೆ. ಡ್ರೈವರಿಗೆ ಥ್ಯಾಂಕ್ಸ್ ಕಾರ್ಡೂ ಮಾಡಿಕೊಂಡು ಬನ್ನಿ ಅಂತ ಟೀಚರ್ ಹೇಳಿದ್ದಾರಂತೆ. ಯಾವ ಡ್ರೈವರಿಗೆ ಅಂತ ಮಗಳು ಕೇಳಿದಳು. ಕಳೆದ ಎರಡು ತಿಂಗಳಲ್ಲಿ ಮೂರು ಜನ ಬದಲಾಗಿದ್ದಾರೆ. ಸದ್ಯಕ್ಕೆ ಹೆಸರಿನ ಜಾಗ ಖಾಲಿ ಬಿಟ್ಟು ಹೂವಿನ ಚಿತ್ರ ಬರೆದಿದ್ದಾಳೆ.

ಈಗಷ್ಟೇ ಫೋನ್ ಮತ್ತೆ ಗುರ್ ಅಂದಿತು. ಸಂಜೆಯೂ 14ನೇ ನಂಬರ್ ಇಲ್ಲವಂತೆ. ಗಂಟೆ 2:05. ಶಾಲೆ ಬಿಡುವುದು 3:10ಕ್ಕೆ. ನಾನು ಹೊರಡುತ್ತೇನೆ. ಇನ್ನು ಹತ್ತು ನಿಮಿಷ ತಡಮಾಡಿದರೂ ಸಾಲಿನ ಬಾಲ ಮೇನ್ ರೋಡಿಗೆ ಬಂದಿರುತ್ತದೆ.