ಕೆಡವಬೇಡಿ, ಬಿಚ್ಚಿ. ಬಿಚ್ಚಿದ್ದನ್ನು ಜೋಪಾನ ಮಾಡಿ

ಹೋದ ವಾರ ತೀರ್ಥಹಳ್ಳಿ ಕಡೆ ಹೋಗಿದ್ದೆ. ರಸ್ತೆ ಪಕ್ಕದಲ್ಲಿ ಒಂದು ಹಳೇ ಹೆಂಚಿನ ಮನೆ ಕೆಡವುತ್ತಿದ್ದರು. ಹೆಂಚನ್ನು ಮಾತ್ರ ಇಳಿಸಿ ಒಂದು ಕಡೆ ಪೇರಿಸಿದ್ದರು. ಜೆಸಿಬಿ ಬಂದು ಮಾಡಿನ (ಚಾವಣಿಯ) ಒಂದು ಮೂಲೆಗೆ ಕೈ ಹಾಕಿ ಎಳೆಯಿತು. ಇಡೀ ಮಾಡು ಒಂದು ಬದಿಗೆ ವಾಲಿ ಕುಸಿಯಿತು. ಧೂಳು ಇಳಿದ ಮೇಲೆ ನೋಡಿದರೆ ಹದಿನೈದು ಅಡಿಗೂ ಜಾಸ್ತಿ ಉದ್ದದ ಹಲಸಿನ ತೊಲೆಯೊಂದು ನಡುವೆ ಸೀಳಿಕೊಂಡು ಬಿದ್ದಿತ್ತು. ಹೊರಗೆ ಕಪ್ಪು ಮಸಿ. ಸೀಳಿದ ಕಡೆ ಅರಿಶಿನ ಬೆರೆಸಿದ ಹಾಗೆ ಹೊಳೆಯುವ ಕಂದು ಬಣ್ಣ. ಒಂದು ಹುಳದ ತೂತೂ ಇರಲಿಲ್ಲ. ಇದನ್ನೆಲ್ಲ ಏನು ಮಾಡ್ತೀರಿ ಅಂತ ಟ್ರ್ಯಾಕ್ಟರ್ ಹತ್ತಿರ ನಿಂತಿದ್ದವರನ್ನು ಕೇಳಿದೆ. "ಅಡಿಕೆ ಬೇಯಿಸೋಕೆ ಆಗುತ್ತಲ್ಲ" ಅಂದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವತ್ತಿಂದ ನಿದ್ದೆ ಸರಿಯಾಗಿ ಬಂದಿಲ್ಲ. ಮಲೆನಾಡಿನಲ್ಲಿ ಮನೆ ಬಿಚ್ಚುವ ಯೋಚನೆಯಲ್ಲಿ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಹಳೇ ಮನೆ ಮುಟ್ಟಲೇಬೇಡಿ ಅಂತ ಹೇಳಲು ನನಗೆ ಬಾಯಿಲ್ಲ. ದುರಸ್ತಿ ಆಗುವ ಹಾಗಿದ್ದರೆ ದುರಸ್ತಿಯೇ ಒಳ್ಳೆಯದು. ಆದರೆ ಮಂಗಗಳು ಹೆಂಚು ಒಡೆಯುವುದು, ವರ್ಷಾ ವರ್ಷಾ ಹೆಂಚು ಕೈಯಾಡಿಸಲು ಜನ ಸಿಗದೇ ಇರುವುದು, ಅಣ್ಣತಮ್ಮಂದಿರ ಪಾಲು, ಊರಲ್ಲಿ ಉಳಿದಿರುವ ವಯಸ್ಸಾದ ಇಬ್ಬರೇ. ಇದನ್ನೆಲ್ಲ ಅನುಭವಿಸುವವರಿಗೇ ಕಷ್ಟ ಗೊತ್ತು. ಮನೆ ಹೋಗಲೇಬೇಕಾದರೆ ಹೋಗಲಿ. ಮರ ಯಾಕೆ ಹೋಗಬೇಕು?

ನಮ್ಮ ಕಡೆಯ ಹಳೇ ಮನೆಗಳನ್ನು ಕಟ್ಟಿರುವ ರೀತಿಯೇ ಬಿಚ್ಚಲು ಅನುಕೂಲವಾಗಿದೆ. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆ ಮೇಲೆ ದಪ್ಪ ತೊಲೆ, ತೊಲೆಯ ಮೇಲೆ ಸಾಲಾಗಿ ಅಡ್ಡಮರ, ಅಂದರೆ ಜಂತಿ, ಅದರ ಮೇಲೆ ಮುಚ್ಚಿಗೆ ಹಲಗೆ. ಮಾಡಿಗೆ ಇಳಿಜಾರಿನ ಮರ ಪಕಾಸಿ, ಅದರ ಮೇಲೆ ಹೆಂಚು ಕೂರುವ ಅಡ್ಡಪಟ್ಟಿ ರೀಪು. ಮುಖ್ಯ ಜೋಡಣೆಗಳಲ್ಲಿ ಕಬ್ಬಿಣವೇ ಕಡಿಮೆ. ಒಂದರಲ್ಲಿ ತೂತು, ಇನ್ನೊಂದರಲ್ಲಿ ನಾಲಿಗೆ, ಅಡ್ಡಕ್ಕೆ ಒಂದು ಮರದ ಬೆಣೆ. ಕಟ್ಟಿದ ಕ್ರಮವನ್ನು ಹಿಂದುಮುಂದಾಗಿ ಮಾಡಿದರೆ ಮನೆ ಬಿಚ್ಚಿಕೊಳ್ಳುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಶರಾವತಿ ಕಣಿವೆಯಲ್ಲಿ ಮುಳುಗಡೆಯಾಗಲಿದ್ದ ಊರುಗಳ ಎಷ್ಟೋ ಕುಟುಂಬಗಳು ಮನೆಯ ಮರಮುಟ್ಟು ಬಿಚ್ಚಿ ಹೇರಿಕೊಂಡು ಹೋದವು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದವರಿಗೆ ನಾನು ಹೇಳುವುದು ಬೇಗ ಅರ್ಥ ಆಗುತ್ತದೆ. ವಿಜಯನಾಥ ಶೆಣೈ ಅವರು ಕುಂಜೂರು ಚೌಕಿ ಮನೆಯಂಥ ಇಡೀ ಮನೆಗಳನ್ನೇ ಬಿಚ್ಚಿಸಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ನಮ್ಮ ನಿಮ್ಮಿಂದ ಅಷ್ಟು ಆಗಲಿಕ್ಕಿಲ್ಲ. ಆದರೆ ಹತ್ತು ಜಂತಿ, ಎರಡು ಬಾಗಿಲು ಉಳಿಸುವುದು ಆಗದ ಕೆಲಸ ಅಲ್ಲ, ಅಲ್ವಾ?

2014ರಲ್ಲಿ ನಮ್ಮ ಅಜ್ಜನ ಮನೆ ಬಿಚ್ಚಿದೆವು. ಮರದ ವ್ಯಾಪಾರದವರೊಬ್ಬರು ಬಂದು ಎಲ್ಲ ಸೇರಿ ಇಷ್ಟು ಅಂತ ಅಡ್ಡಸಟ್ಟೆ ಬೆಲೆ ಹೇಳಿದ್ದರು. ಅಪ್ಪ ಒಪ್ಪುವುದರಲ್ಲಿದ್ದರು. ನಾನು ಒಂದು ಸಂಜೆ ಟೇಪು ಹಿಡಿದು ಅಳೆದೆ. 10 ಅಡಿ ಉದ್ದ, 4 ಇಂಚು ಅಗಲ, 3 ಇಂಚು ದಪ್ಪದ ಜಂತಿಗಳೇ 60 ಇದ್ದವು. ಅಂದರೆ ಬರೀ ಜಂತಿಯಲ್ಲೇ 50 ಕ್ಯೂಬಿಕ್ ಅಡಿ ಮರ. ಸಾಮಿಲ್ಲಿನಲ್ಲಿ ಹೊಸ ಮರದ ದರ ಕೇಳಿಕೊಂಡು ಬಂದು ಅಪ್ಪನ ಮುಂದೆ ಲೆಕ್ಕ ಇಟ್ಟೆ. ಆಮೇಲೆ ಅಪ್ಪನೇ ವ್ಯಾಪಾರದವರಿಗೆ ಫೋನ್ ಮಾಡಿ ಕೊಡುವುದಿಲ್ಲ ಅಂದರು. ನೀವೂ ಮಾತು ಕೊಡುವ ಮೊದಲು ಅಳೆಯಿರಿ. ಅಡಿಯಲ್ಲಿ ಉದ್ದ, ಇಂಚಿನಲ್ಲಿ ಅಗಲ ಮತ್ತು ದಪ್ಪ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಕ್ಯೂಬಿಕ್ ಅಡಿ ಸಿಗುತ್ತದೆ. ಅಷ್ಟೇ ಲೆಕ್ಕ.

ಬಿಚ್ಚಲು ಊರಿನ ಹಿರಿಯ ಬಡಗಿ, ಆಚಾರ್ರು ಬಂದರು. ಎಪ್ಪತ್ತು ದಾಟಿತ್ತು. ಮೇಲೆ ಹತ್ತಲಿಲ್ಲ, ಕೆಳಗೆ ನಿಂತೇ ಹೇಳುತ್ತಿದ್ದರು. ನಾನು ಏಣಿ ಹತ್ತಿ ತೊಲೆಯ ಬೆಣೆಗೆ ಸುತ್ತಿಗೆಯಲ್ಲಿ ಎರಡು ಏಟು ಹಾಕಿದೆ. ಅಲುಗಲಿಲ್ಲ. ಮೂರನೆಯದಕ್ಕೆ ಕೈ ಎತ್ತಿದಾಗ ಕೆಳಗಿನಿಂದ ಕೂಗಿದರು. "ತಮ್ಮಾ, ನಿಲ್ಲು. ಬೆಣೆಗೆ ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಇರ್ತದೆ. ನೀನು ದಪ್ಪ ತುದಿಗೆ ಹೊಡೀತಿದ್ದೀಯ, ಅದು ಇನ್ನೂ ಬಿಗಿ ಆಗ್ತದೆ. ಆ ಕಡೆಗೆ ಹೋಗು." ಏಣಿ ಆ ಕಡೆ ಇಟ್ಟೆ. ಮಸಿ ಒರೆಸಿ ನೋಡಿದರೆ ಹೆಬ್ಬೆರಳಿನಷ್ಟು ಸಣ್ಣ ತುದಿ ಕಂಡಿತು. ಕೊಡತಿಯಲ್ಲಿ ಒಂದು ಏಟು. 'ಟಕ್' ಅಂತ ಬೆಣೆ ಆ ಕಡೆ ಹಾರಿ ಅಂಗಳಕ್ಕೆ ಬಿತ್ತು. ಆಚಾರ್ರು ಬಗ್ಗಿ ಎತ್ತಿಕೊಂಡು, ಪಂಚೆಯಲ್ಲಿ ಒರೆಸಿ, ಮೂಸಿ ನೋಡಿ, "ನಮ್ಮಪ್ಪನ ಕೆಲಸ" ಅಂದರು. ಆ ಮನೆ ಕಟ್ಟಿದ್ದು ಅವರ ತಂದೆ ಅಂತ ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

ಆರು ಜನ, ಒಂಬತ್ತು ದಿನ. ಪ್ರತಿ ತುಂಡಿಗೂ ಸೀಮೆಸುಣ್ಣದಲ್ಲಿ ನಂಬರ್ ಹಾಕಿಸಿದರು. ಒಂದೂ ಸೀಳಲಿಲ್ಲ.

ಇಷ್ಟೆಲ್ಲ ಮಾಡಿ, ಆಮೇಲೆ ನಾನು ತಪ್ಪು ಮಾಡಿದೆ. ಮೇ ಕೊನೆ ಆಗಿತ್ತು. ಮಳೆ ಬರುವುದರೊಳಗೆ ಮುಚ್ಚಬೇಕು ಅನ್ನುವ ಗಡಿಬಿಡಿ. ಕೊಟ್ಟಿಗೆ ಪಕ್ಕ ನೆಲದ ಮೇಲೆ ನಾಲ್ಕು ಅಡಿಕೆ ದಬ್ಬೆ ಹಾಸಿ, ಅದರ ಮೇಲೆ ಜಂತಿಗಳನ್ನು ಒಂದಕ್ಕೊಂದು ಅಂಟಿಸಿ ಪೇರಿಸಿದೆವು. ಮೇಲಿನಿಂದ ಕೆಳಗಿನವರೆಗೆ ನೀಲಿ ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು, ಅಂಚಿಗೆ ಕಲ್ಲು ಹೇರಿ ನಾನು ಶಿವಮೊಗ್ಗಕ್ಕೆ ಬಂದೆ. ಎಷ್ಟು ಬಿಗಿಯಾಗಿ ಮುಚ್ಚಿದ್ದೇನೆ ಅಂತ ಸಮಾಧಾನ ಬೇರೆ. ಆರಿದ್ರಾ, ಪುನರ್ವಸು, ಪುಷ್ಯ, ಎಲ್ಲ ಮಳೆ ಸುರಿದು ಮುಗಿಯಿತು. ದೀಪಾವಳಿಗೆ ಹೋದಾಗ ಟಾರ್ಪಾಲು ಎತ್ತಿದೆ. ಒಳಗಿನಿಂದ ಬಿಸಿ ಹಬೆಯ ಹಾಗೆ ವಾಸನೆ ಬಂತು. ಟಾರ್ಪಾಲಿನ ಒಳಮೈಯಲ್ಲಿ ನೀರಿನ ಹನಿ ಸಾಲುಗಟ್ಟಿತ್ತು. ಮೇಲಿನ ಸಾಲಿಗೆ ಬಿಳಿ ಬೂಷ್ಟು. ಕೆಳಗಿನ ಎರಡು ಸಾಲನ್ನು ಹಾರೆಯಿಂದ ಮೀಟಿದೆ. ಹಾರೆ ಮರದ ಒಳಕ್ಕೇ ಹೋಯಿತು. ಹೊರಗೆ ಸಿಪ್ಪೆಯಷ್ಟೇ ಮರ, ಒಳಗೆ ಪೂರ್ತಿ ಗೆದ್ದಲಿನ ಮಣ್ಣು. ಹದಿನೆಂಟು ಜಂತಿ ಹೋಗಿತ್ತು. ಅಜ್ಜನ ಕಾಲದಿಂದ ಮಾಡಿನ ಕೆಳಗೆ ಗಟ್ಟಿಯಾಗಿ ನಿಂತಿದ್ದ ಮರ ನನ್ನ ಕೈಯಲ್ಲಿ ಐದು ತಿಂಗಳು ಬಾಳಲಿಲ್ಲ. ಆಚಾರ್ರು ಬಂದು ನೋಡಿದರು. ಬೈಯಲಿಲ್ಲ. "ಮರಕ್ಕೆ ಉಸಿರು ಕಟ್ಟಿಸಿದ್ದೀಯ ತಮ್ಮಾ" ಅಂದರು.

ಅದಕ್ಕೇ ಇವತ್ತು ಯಾರಾದರೂ "ನಾವು ಮರ ಎಲ್ಲ ಉಳಿಸಿಕೊಂಡಿದ್ದೀವಿ" ಅಂದರೆ ನಾನು ಮೊದಲು ಕೇಳುವುದು, ಎಲ್ಲಿ ಇಟ್ಟಿದ್ದೀರಿ, ಹೇಗೆ ಇಟ್ಟಿದ್ದೀರಿ ಅಂತ. ಬಿಚ್ಚುವಾಗ ಹಾಳಾಗುವ ಮರಕ್ಕಿಂತ ಇಟ್ಟಲ್ಲಿ ಹಾಳಾಗುವುದೇ ಜಾಸ್ತಿ ಅನ್ನುವುದು ನಾನು ನೋಡಿದ ಮಟ್ಟಿಗೆ ಸತ್ಯ.

ಹಳೇ ಮರ ಒಣಗಿದ ಮರ, ಅದಕ್ಕೇನು ಆಗುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮರ ಎಷ್ಟು ಹಳೆಯದಾದರೂ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ, ಬಿಡುತ್ತದೆ. ಅಡುಗೆಮನೆಯ ಹೊಗೆ, ಬೆಚ್ಚಗಿನ ಅಟ್ಟ, ಓಡಾಡುವ ಗಾಳಿ ಇದ್ದಾಗ ಅದು ಗಟ್ಟಿಯಾಗಿತ್ತು. ಮರದೊಳಗಿನ ನೀರು ಶೇಕಡಾ 20 ದಾಟಿ ಹಾಗೇ ನಿಂತಿತು ಅಂದರೆ ಕೊಳೆಸುವ ಶಿಲೀಂಧ್ರಕ್ಕೆ ದಾರಿ ಆಗುತ್ತದೆ. ಪೀಠೋಪಕರಣದ ಕೆಲಸಕ್ಕೆ 12ರ ಆಸುಪಾಸು ಇದ್ದರೆ ಒಳ್ಳೆಯದು. ತೇವ ಅಳೆಯುವ ಸಣ್ಣ ಮೀಟರ್ ಆನ್‌ಲೈನಿನಲ್ಲಿ ಸಿಗುತ್ತದೆ. ಮರಗೆಲಸದ ಹುಚ್ಚು ಇರುವವರು ಒಂದು ತೆಗೆದುಕೊಳ್ಳಿ.

ಈಗ ನಾನು ಇಡುವ ರೀತಿ ಹೇಳುತ್ತೇನೆ. ನೆಲದಿಂದ ಒಂದು ಅಡಿಗೂ ಮೇಲೆ ಸಿಮೆಂಟ್ ಬ್ಲಾಕ್ ಮೇಲೆ ಮೊದಲ ಸಾಲು. ಬ್ಲಾಕುಗಳ ತಲೆ ಎಲ್ಲ ಒಂದೇ ಮಟ್ಟ ಇರಬೇಕು, ನೂಲು ಕಟ್ಟಿ ನೋಡುತ್ತೇನೆ. ಮಟ್ಟ ತಪ್ಪಿದರೆ ಹಲಗೆ ಅದೇ ಸೊಟ್ಟಕ್ಕೆ ಹೊಂದಿಕೊಂಡು ಸೊಟ್ಟವಾಗುತ್ತದೆ. ಪ್ರತಿ ಸಾಲಿನ ನಡುವೆ ಒಂದಿಂಚು ದಪ್ಪದ, ಚೆನ್ನಾಗಿ ಒಣಗಿದ ರೀಪಿನ ತುಂಡು ಅಡ್ಡ ಇಡುತ್ತೇನೆ. ಹಲಗೆಗೆ ಒಂದೂವರೆ ಅಡಿಗೊಂದು, ಜಂತಿಗೆ ಎರಡು ಅಡಿಗೊಂದು. ಕೆಳಗಿನ ಸಾಲಿನ ರೀಪು ಎಲ್ಲಿದೆಯೋ ಮೇಲಿನದೂ ಅದರ ನೇರಕ್ಕೇ ಬರಬೇಕು. ಇದೊಂದು ವಿಷಯದಲ್ಲಿ ಸೋಮಾರಿತನ ಬೇಡ. ನೇರ ತಪ್ಪಿತು ಅಂದರೆ ಮೇಲಿನ ಭಾರ ನಡುವೆ ಬಿದ್ದು ಕೆಳಗಿನ ಹಲಗೆ ಬಾಗುತ್ತದೆ. ಎಲ್ಲಕ್ಕಿಂತ ಮೇಲಿನ ಸಾಲಿನ ಮೇಲೆ ನಾಲ್ಕು ಕಲ್ಲು ಹೇರಿ. ಮೇಲೆ ಶೀಟಿನ ಮಾಡು ಇರಲಿ, ಅಂಚು ಎರಡು ಅಡಿ ಹೊರಗೆ ಚಾಚಿರಲಿ. ಸುತ್ತ ಗೋಡೆ ಬೇಡ. ಇರಚಲು ಹೊಡೆಯುವ ಕಡೆಗೆ ಅಡಿಕೆ ದಬ್ಬೆಯ ತಟ್ಟಿ ಕಟ್ಟಿದರೆ ಸಾಕು, ನೀರು ತಡೆಯುತ್ತದೆ, ಗಾಳಿ ಬಿಡುತ್ತದೆ. ಟಾರ್ಪಾಲನ್ನು ಮರಕ್ಕೆ ತಾಗಿಸಿ ಹೊದಿಸಲೇಬೇಡಿ. ಬಿಸಿಲಿಗೂ ಹಾಕಬೇಡಿ, ಒಂದು ಮೈ ಬೇಗ ಒಣಗಿ ಸೀಳು ಬಿಡುತ್ತದೆ. ಹೊಸದಾಗಿ ಕೊಯ್ದ ತುದಿಗಳಿಗೆ ಮೇಣ ಅಥವಾ ಪೇಂಟು ಬಳಿಯಿರಿ. ಮರದ ನೀರು ತುದಿಯಿಂದ ಬೇಗ ಹೋಗುತ್ತದೆ, ಸೀಳು ಶುರುವಾಗುವುದೂ ಅಲ್ಲೇ. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಬ್ಲಾಕಿನ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಏರಿದೆಯಾ ನೋಡಿ.

ಮರ ಕೊರೆದು ಪುಡಿ ಮಾಡುವ ಕುಟ್ಟೆ ಹುಳದ ಬಗ್ಗೆ ಹೆದರಿ ಮರ ಎಸೆಯುವವರಿದ್ದಾರೆ. ತೂತು ಇದ್ದ ಮಾತ್ರಕ್ಕೆ ಹುಳ ಇದೆ ಅಂತ ಅಲ್ಲ. ತುಂಡಿನ ಕೆಳಗೆ ಕಪ್ಪು ಕಾಗದ ಹಾಕಿ ಹದಿನೈದು ದಿನ ಬಿಡಿ. ಗೋಧಿ ಹಿಟ್ಟಿನಂಥ ಪುಡಿ ಉದುರಿದ್ದರೆ ಒಳಗೆ ಜೀವ ಇದೆ. ಅದನ್ನು ಬೇರೆ ಇಡಿ. ಈ ಹುಳಕ್ಕೆ ಬೇಕಾದ ಪಿಷ್ಟ ಇರುವುದು ಹೊರಗಿನ ಬಿಳಿ ಭಾಗದಲ್ಲಿ. ಹೆಚ್ಚಿನ ಸಲ ಆ ಭಾಗ ಕೊಯ್ದು ತೆಗೆದರೆ ಒಳಗಿನ ಚೇಗು ಗಟ್ಟಿಯಾಗಿಯೇ ಇರುತ್ತದೆ. ಆಮೇಲೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಿನಲ್ಲಿ ಕರಗಿಸಿ ಎರಡು ಸಲ ಬಳಿದು ಒಣಗಿಸಿ.

ಮೊಳೆ ಇನ್ನೊಂದು ತಲೆನೋವು. ಹಳೇ ಮರ ಅಂದರೆ ಸಾಮಿಲ್ಲಿನವರು ಮುಖ ತಿರುಗಿಸುವುದಕ್ಕೆ ಕಾರಣ ಇದೆ. ಒಂದೇ ಒಂದು ಮುರಿದ ಮೊಳೆ ಸಾಕು, ಅವರ ಬ್ಲೇಡಿನ ಹಲ್ಲು ಹೋಗುತ್ತದೆ. ಎಲ್ಲಿ ಮೈಮೇಲೆ ಕಪ್ಪು ಉಂಗುರ ಕಾಣುತ್ತದೋ ಅಲ್ಲಿ ಕಬ್ಬಿಣ ಇದೆ ಅಂತ ತಿಳಿಯಿರಿ. ಮರದ ಒಗರು ಮತ್ತು ಕಬ್ಬಿಣ ಸೇರಿ ಆಗುವ ಕಲೆ ಅದು. ಪೇರಿಸುವ ಮೊದಲೇ ಎಲ್ಲ ಮೊಳೆ ಕಿತ್ತು ಮುಗಿಸಿ. ಆಮೇಲೆ ಮಾಡೋಣ ಅಂದರೆ ಆಗುವುದಿಲ್ಲ.

ಬಣ್ಣ ಬಳಿದ ಬಾಗಿಲು ಕಿಟಕಿ ಇದ್ದವರು ದಯವಿಟ್ಟು ಗಮನಿಸಿ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್ 1ರಿಂದ. ಅದಕ್ಕಿಂತ ಹಳೇ ಪೇಂಟಿನಲ್ಲಿ ಸೀಸ ಇರಬಹುದು ಅಂತಲೇ ಇಟ್ಟುಕೊಳ್ಳಿ. ಒಣ ಉಪ್ಪುಕಾಗದ ಹಾಕಿ ಉಜ್ಜಬೇಡಿ. ಸುಡಬೇಡಿ. ಬಚ್ಚಲ ಒಲೆಗಂತೂ ಹಾಕಲೇಬೇಡಿ, ಮನೆಯಲ್ಲಿ ಮಕ್ಕಳಿರುತ್ತವೆ. ಹಾಗೇ ಹಳೇ ರೈಲ್ವೆ ಸ್ಲೀಪರ್ ಮರ ತಂದು ಮಂಚ, ಮೇಜು ಮಾಡಿಸುವವರಿಗೂ ಒಂದು ಮಾತು. ಅದಕ್ಕೆ ಮರ ಕೆಡದ ಹಾಗೆ ಕ್ರಿಯೋಸೋಟ್ ಅನ್ನುವ ವಿಷದ ಎಣ್ಣೆ ಕುಡಿಸಿರಬಹುದು. ಮಲಗುವ ಕೋಣೆಗೆ ಅದು ಬೇಡ.

ಬೀಟೆ, ತೇಗದಂಥ ಮರ ಬೇರೆ ಊರಿಗೆ ಸಾಗಿಸುವುದಾದರೆ ಹಳೇ ಮನೆಯದು ಅಂತ ಬಾಯಲ್ಲಿ ಹೇಳಿದರೆ ಸಾಲದು. ಬಿಚ್ಚುವ ಮೊದಲೇ ಮನೆಯ ಫೋಟೋ ತೆಗೆದು, ಕಾಗದಪತ್ರ ಹಿಡಿದು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ರಹದಾರಿ (ಮರ ಸಾಗಿಸುವ ಪರವಾನಗಿ) ಬಗ್ಗೆ ಕೇಳಿಕೊಂಡು ಬನ್ನಿ.

ಉಳಿದ ನಲವತ್ತೆರಡು ಜಂತಿಯಲ್ಲಿ ಊಟದ ಮೇಜಾಯಿತು, ಅಕ್ಕನ ಮನೆಗೆ ಎರಡು ಬೆಂಚು, ಮಗಳ ಪುಸ್ತಕದ ಕಪಾಟು ಆಯಿತು. ಬಳ್ಳಾರಿಯ ಸ್ನೇಹಿತನಿಗೆ ಒಂದು ಟೀಪಾಯಿ ಮಾಡಿಕೊಟ್ಟಿದ್ದೆ. ಆಷಾಢದಲ್ಲಿ ಮಾಡಿ ಹಾಗೇ ಕಳಿಸಿದೆ. ಅಲ್ಲಿನ ಒಣಗಾಳಿಗೆ ಎರಡೇ ತಿಂಗಳಲ್ಲಿ ಮೇಲಿನ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿತು. ಈಗ ಮರವನ್ನು ಮೊದಲು ಅವರ ಮನೆಗೇ ಕಳಿಸಿ, ಒಂದು ತಿಂಗಳು ಅಲ್ಲೇ ಇಡಿಸಿ, ಆಮೇಲೆ ಕೀಸುಳಿ ಮುಟ್ಟುತ್ತೇನೆ.

ಮೇಜಿನ ಮೇಲ್ಮೈ ಪೂರ್ತಿ ಕೀಸಲಿಲ್ಲ. ಒಂದು ತುದಿಯಲ್ಲಿ ಬೆಣೆಯ ತೂತು ಹಾಗೇ ಬಿಟ್ಟಿದ್ದೇನೆ. ಅಪ್ಪ ಊಟಕ್ಕೆ ಕೂತಾಗ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ.

ಹೋದ ವಾರ ನೋಡಿದ ಆ ಸೀಳಿದ ತೊಲೆಯ ಅರ್ಧವನ್ನು ಕೇಳಿ ತಂದೆ. ದುಡ್ಡು ಬೇಡ ಅಂದರು, ಒಂದು ಗಾಡಿ ಸೌದೆ ಹಾಕಿಸಿಕೊಟ್ಟೆ. ಮೊಳೆ ಕಿತ್ತು, ತುದಿಗೆ ಮೇಣ ಬಳಿದು, ಸೀಮೆಸುಣ್ಣದಲ್ಲಿ ತಾರೀಕು ಬರೆದು ಶೆಡ್ಡಿನ ಮೇಲಿನ ಸಾಲಿನಲ್ಲಿ ಇಟ್ಟಿದ್ದೇನೆ. ಪಕ್ಕದಲ್ಲಿ ಇನ್ನೂ ಜಾಗ ಇದೆ. ಶಿವಮೊಗ್ಗ, ತೀರ್ಥಹಳ್ಳಿ, ಕೊಪ್ಪ ಕಡೆ ಯಾರಾದರೂ ಈ ಬೇಸಿಗೆಯಲ್ಲಿ ಮನೆ ಬಿಚ್ಚುತ್ತಿದ್ದರೆ, ಮರ ಇಡಲು ಜಾಗ ಇಲ್ಲದಿದ್ದರೆ, ಮೆಸೇಜ್ ಮಾಡಿ. ಜೆಸಿಬಿಯವರಿಗೆ ಫೋನ್ ಮಾಡುವ ಮೊದಲು ಮಾಡಿ.