ಬಿಳಿ ಚುಕ್ಕೆ ಮಾಯವಾದರೆ ಮೀನಿನ ರೋಗ ವಾಸಿಯಾದಂತಲ್ಲ

"ಉಪ್ಪುನೀರಿನ ತೊಟ್ಟಿಯ ಮೀನಿಗೆ ಬಿಳಿ ಚುಕ್ಕೆ ಬಂದರೆ ನೀರನ್ನು 30 ಡಿಗ್ರಿಗೆ ಬಿಸಿ ಮಾಡಿ, ಬೆಳ್ಳುಳ್ಳಿ ರಸ ಹಚ್ಚಿದ ಆಹಾರ ಕೊಡಿ, ನಾಲ್ಕೇ ದಿನದಲ್ಲಿ ಗುಣ" ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು.

ಬಿಸಿ ಏರಿಸುವ ಉಪಾಯ ಸಿಹಿನೀರಿನ ಮೀನಿನದು. ಅಲ್ಲಿನ ಪರಾವಲಂಬಿ ಜೀವಿಯೇ ಬೇರೆ. ಸಮುದ್ರ ಮೀನಿಗೆ ತಗಲುವುದು ಕ್ರಿಪ್ಟೊಕ್ಯಾರಿಯಾನ್ ಎಂಬ ಪರಾವಲಂಬಿ. ಅದು ಮೀನಿನ ಚರ್ಮ, ಕಿವಿರುಗಳಲ್ಲಿ ಮೂರರಿಂದ ಏಳು ದಿನ ಇದ್ದು, ತಾನಾಗಿಯೇ ಕಳಚಿ ಮರಳು, ಕಲ್ಲಿನ ಮೇಲೆ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಚುಕ್ಕೆ ಮಾಯವಾಗುವುದು ಆಗಲೇ. ಬೆಳ್ಳುಳ್ಳಿಗೆ ಹೆಸರು ಬರುವುದೂ ಆಗಲೇ! ಕೋಶ ಒಡೆದು ನೂರಾರು ಮರಿಗಳು ಈಜಿ ಬಂದಾಗ ಎರಡನೇ ದಾಳಿ ಮೊದಲಿಗಿಂತ ಭೀಕರ. ಮೇಲಾಗಿ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಕಿವಿರು ಕೆಟ್ಟ ಮೀನಿಗೆ ಅದೇ ಕುತ್ತು.

ಕೆಲಸ ಮಾಡುವುದು ತಾಮ್ರದ ಔಷಧಿ, ಆದರೆ ಪ್ರತ್ಯೇಕ ತೊಟ್ಟಿಯಲ್ಲಿ ಮಾತ್ರ. ಮುಖ್ಯ ತೊಟ್ಟಿಗೆ ಸುರಿದರೆ ಹವಳ, ಸೀಗಡಿ, ಬಸವನಹುಳು ಸಾಯುತ್ತವೆ. ಕಲ್ಲು, ಮರಳು ತಾಮ್ರವನ್ನು ಹೀರಿಕೊಳ್ಳುತ್ತವೆ. ಪ್ರಮಾಣವನ್ನು ಟೆಸ್ಟ್ ಕಿಟ್‌ನಿಂದ ದಿನವೂ ಅಳೆಯಲೇಬೇಕು. ಔಷಧಿ ಇರುವಾಗ ಫಿಲ್ಟರಿನಲ್ಲಿ ಇದ್ದಿಲು ಬೇಡ. ಕೋಶಗಳು 72 ದಿನಗಳವರೆಗೂ ಬದುಕಿದ ದಾಖಲೆಯಿರುವುದರಿಂದ ಮುಖ್ಯ ತೊಟ್ಟಿಯಲ್ಲಿ 76 ದಿನ ಒಂದೂ ಮೀನಿರಬಾರದು. ದೀರ್ಘ ಕಾಯುವಿಕೆ ನಿಜ, ಆದರೆ ಸತ್ತ ಮೀನುಗಳನ್ನು ಒಂದೊಂದಾಗಿ ಎತ್ತಿಹಾಕುವುದಕ್ಕಿಂತ ಇದು ಎಷ್ಟೋ ಮೇಲು.

ಹೊಸ ಮೀನು ತಂದರೆ ನಾಲ್ಕರಿಂದ ಆರು ವಾರ ಬೇರೆ ತೊಟ್ಟಿಯಲ್ಲೇ ಇಡಿ. ಬಲೆ, ಬಕೆಟ್ ಕೂಡ ಬೇರೆಯವೇ ಇರಲಿ.